ಒಬ್ಬ ಆಟಗಾರ, ಇಬ್ಬರು ಯಜಮಾನರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಜಾತ್ರೆಯ ಕಾಲ ಬಂತೆಂದರೆ ಕಬಡ್ಡಿ ಮೈದಾನಕ್ಕೆ ಲೈಟು ಕಟ್ಟುತ್ತಾರೆ. ಚಲೋ ರೇಡ್ ಹಾಕುವ ಹುಡುಗನಿಗೆ ಆಗ ಪುರುಸೊತ್ತೇ ಇರುವುದಿಲ್ಲ. ಊರಿನ ತಂಡದವರು ಬಾ ಎನ್ನುತ್ತಾರೆ. ಪಕ್ಕದೂರಿನವರು ಗಾಡಿ ಖರ್ಚು, ಊಟ, ಮೇಲೊಂದಿಷ್ಟು ರೊಕ್ಕ ಕೊಡ್ತೀವಿ ಅನ್ನುತ್ತಾರೆ. ಅದೇ ದಿನ ತಾಲೂಕಾ ತಂಡದ ಆಯ್ಕೆಯೂ ಬಿದ್ದಿರುತ್ತದೆ. "ಯಾರ ಕಡೆ ಆಡ್ಲೆಪಾ ನಾನು?" ಎಂದು ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಇದು ಹಳ್ಳಿಯ ಸಣ್ಣ ತಕರಾರು ಎಂದು ನಗಬೇಡಿ. ಕೋಟಿ ರೂಪಾಯಿ ಎಣಿಸುವ ಆಟಗಾರರನ್ನೂ ಇದೇ ತಕರಾರು ಕಾಡಿದೆ.

2023ರ ಸೆಪ್ಟೆಂಬರ್ 21ನೇ ತಾರೀಖು ನೆನಪು ಮಾಡಿಕೊಳ್ಳಿ. ಅಂದು ಚೀನಾದ ಹಾಂಗ್‌ಝೌ ಏಷ್ಯಾಡ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶವನ್ನು 1-0ರಿಂದ ಸೋಲಿಸಿತು. ಗೋಲು ಹೊಡೆದವರು ಸುನಿಲ್ ಛೆಟ್ರಿ, ಅದೂ ಪೆನಾಲ್ಟಿಯಲ್ಲಿ. ಅದೇ ರಾತ್ರಿ ಕೊಚ್ಚಿಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಮೊದಲ ಪಂದ್ಯ. ಛೆಟ್ರಿಯವರ ಕ್ಲಬ್ಬಾದ ಬೆಂಗಳೂರು ಎಫ್.ಸಿ. ತನ್ನ ನಾಯಕನಿಲ್ಲದೆ ಕಣಕ್ಕಿಳಿದು ಕೇರಳ ಬ್ಲಾಸ್ಟರ್ಸ್‌ಗೆ 2-1ರಿಂದ ಸೋತಿತು. ಒಬ್ಬನೇ ಮನುಷ್ಯ, ಒಂದೇ ದಿನ, ಎರಡು ಕಡೆ ಕೆಲಸ!

ಛೆಟ್ರಿಯವರನ್ನು ಕ್ಲಬ್ಬು ಬಿಟ್ಟುಕೊಟ್ಟಿತು. ಎಲ್ಲರ ವಿಷಯದಲ್ಲಿ ಹಾಗಾಗಲಿಲ್ಲ. ಕೆಲವು ಕ್ಲಬ್ಬುಗಳು ಒಲ್ಲೆವೆಂದವು. ಮೊದಲು ಮಾಡಿದ ಪಟ್ಟಿ ಹರಿದುಹೋಗಿ, ಸಿಕ್ಕವರನ್ನು ಸೇರಿಸಿ ಹೊಸ ಪಟ್ಟಿ ಮಾಡಬೇಕಾಯಿತು. ತಂಡ ಚೀನಾ ಮುಟ್ಟಿದ್ದು ಪಂದ್ಯದ ಹಿಂದಿನ ದಿನ ಸಂಜೆ. ಮರುದಿನ, ಅಂದರೆ ಸೆಪ್ಟೆಂಬರ್ 19ರಂದು, ಆತಿಥೇಯ ಚೀನಾ 5-1ರಿಂದ ಬಡಿದು ಹಾಕಿತು. ಕೂಡಿ ಅಭ್ಯಾಸ ಮಾಡದವರು, ಪಯಣದ ಆಯಾಸ ಇಳಿಯದವರು ಇನ್ನೇನು ಮಾಡಿಯಾರು?

"ದೇಶಕ್ಕಿಂತ ಕ್ಲಬ್ಬು ದೊಡ್ಡದೇನ್ರೀ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿಯಾರು. ಕ್ಲಬ್ಬಿನವರ ಕಿರ್ದಿಯನ್ನೂ ಒಮ್ಮೆ ತೆಗೆದು ನೋಡಬೇಕು. ವರ್ಷವಿಡೀ ಸಂಬಳ ಕೊಡುವವರು ಅವರು. ಗಾಯವಾದರೆ ಔಷಧಕ್ಕೆ ದುಡ್ಡು ಕಟ್ಟುವವರೂ ಅವರೇ. ದೀಪಾವಳಿ ಸೀಜನ್ನಿನಲ್ಲಿ ಅಂಗಡಿಯ ಒಳ್ಳೆಯ ಗುಮಾಸ್ತನನ್ನು ಹದಿನೈದು ದಿನ ಕಳಿಸಿಕೊಡಿ ಎಂದರೆ ನಮ್ಮ ಸಾವಕಾರರು ಸುಮ್ಮನೆ ಕಳಿಸುತ್ತಾರೆಯೇ? ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾ ರಾಷ್ಟ್ರೀಯ ತಂಡಗಳಿಗೆಂದು ವರ್ಷದಲ್ಲಿ ಕೆಲವು ದಿನ ಮೀಸಲಿಟ್ಟಿದೆ. ಆ ದಿನಗಳಲ್ಲಿ ಕ್ಲಬ್ಬು ಆಟಗಾರನನ್ನು ಬಿಡಲೇಬೇಕು. ಏಷ್ಯಾಡ್ ಆ ದಿನಗಳಲ್ಲಿ ಬರಲಿಲ್ಲ. ಆದ್ದರಿಂದ ಕಾಯ್ದೆ ಕ್ಲಬ್ಬುಗಳ ಪರವಾಗಿತ್ತು.

ಅದೇ ಏಷ್ಯಾಡ್‌ನಲ್ಲಿ ನಮ್ಮ ಕಬಡ್ಡಿಯ ಕತೆ ಬೇರೆ. ಪ್ರೊ ಕಬಡ್ಡಿ ಲೀಗ್‌ನ ಹತ್ತನೇ ಸೀಜನ್ನಿನ ಹರಾಜು 2023ರ ಸೆಪ್ಟೆಂಬರ್ 8 ಮತ್ತು 9ಕ್ಕೆ ಗೊತ್ತಾಗಿತ್ತು. ಏಷ್ಯಾಡ್ ತಯಾರಿಗೆ ಅಡ್ಡಿಯಾಗುತ್ತದೆಂದು ಅದನ್ನು ಮುಂದಕ್ಕೆ ಹಾಕಿದರು. ಅಕ್ಟೋಬರ್ 7ರಂದು ಗಂಡಸರ ತಂಡ ಇರಾನನ್ನು 33-29ರಿಂದ, ಹೆಣ್ಣುಮಕ್ಕಳ ತಂಡ ಚೈನೀಸ್ ತೈಪೆಯನ್ನು 26-25ರಿಂದ ಮಣಿಸಿ ಎರಡೂ ಚಿನ್ನ ತಂದವು. ಹರಾಜು ನಡೆದದ್ದು 9 ಮತ್ತು 10ರಂದು. ಚಿನ್ನ ಗೆದ್ದ ತಂಡದ ನಾಯಕ ಪವನ್ ಸೆಹ್ರಾವತ್ ಅಲ್ಲಿ 2 ಕೋಟಿ 60 ಲಕ್ಷ 50 ಸಾವಿರಕ್ಕೆ ಹೋದರು. ಲೀಗ್ ಶುರುವಾದದ್ದು ಡಿಸೆಂಬರ್ 2ಕ್ಕೆ. ಮಾಲೀಕರ ಗಂಟೇನೂ ಹೋಗಲಿಲ್ಲ, ದೇಶದ ಮಾನವೂ ಉಳಿಯಿತು. ತಾರೀಖು ಸರಿಸಿದ್ದಕ್ಕೆ ಬಂದ ಫಲ ಇದು.

ಈ ಜಗ್ಗಾಟವನ್ನು ಎಲ್ಲರಿಗಿಂತ ಹೆಚ್ಚು ಉಂಡವರು ರಗ್ಬಿಯವರು. ಮೈಗೆ ಮೈ ಗುದ್ದುವ ಆಟ ಅದು, ಕಬಡ್ಡಿಗೂ ಕುಸ್ತಿಗೂ ದೂರದ ನೆಂಟ. ನಮ್ಮಲ್ಲೂ 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡ ಆಡಿತು. ವಿಶ್ವ ರಗ್ಬಿ ಸಂಸ್ಥೆಯ 9ನೇ ನಿಯಮದ ಪ್ರಕಾರ ಗೊತ್ತುಪಡಿಸಿದ ದಿನಗಳಲ್ಲಿ ದೇಶ ಕರೆದರೆ ಕ್ಲಬ್ಬು ತಡೆಯುವಂತಿಲ್ಲ. ಕಾಗದದ ಮೇಲೆ ಇದು ಚೊಕ್ಕ. ಆದರೆ ಫಿಜಿ, ಸಮೋವಾ, ಟೊಂಗಾದಂಥ ಬಡ ದ್ವೀಪಗಳ ಹುಡುಗರು ಯುರೋಪಿನ ಕ್ಲಬ್ಬುಗಳಲ್ಲಿ ದುಡಿಯುತ್ತಾರೆ. ದೇಶಕ್ಕೆ ಹೋದರೆ ಮುಂದಿನ ಕರಾರು ಸಿಗಲಿಕ್ಕಿಲ್ಲ ಎಂಬ ಹೆದರಿಕೆ ಅವರನ್ನು ಕಟ್ಟಿಹಾಕುತ್ತದೆ ಎಂಬ ದೂರು ವರ್ಷಗಳಿಂದ ಇದೆ.

ಐರ್ಲೆಂಡಿನವರು ಬೇರೆ ದಾರಿ ಹಿಡಿದರು. ಮುಂಚೂಣಿ ಆಟಗಾರರಿಗೆ ರಾಷ್ಟ್ರೀಯ ಸಂಸ್ಥೆಯೇ ನೇರವಾಗಿ ಸಂಬಳ ಕೊಡುತ್ತದೆ. ಸಂಬಳ ಕೊಟ್ಟವನ ಮಾತು ನಡೆಯುತ್ತದೆ. ಯಾವ ಪಂದ್ಯ ಆಡಬೇಕು, ಯಾವಾಗ ವಿಶ್ರಾಂತಿ ಎಂಬುದು ಜಗಳವಿಲ್ಲದೆ ಬಗೆಹರಿಯುತ್ತದೆ. ಇಂಗ್ಲೆಂಡ್ ಕೂಡ 2024ರಲ್ಲಿ 25 ಮಂದಿಯವರೆಗೆ ಕ್ಲಬ್ಬು ಮತ್ತು ರಾಷ್ಟ್ರೀಯ ಸಂಸ್ಥೆ ಇಬ್ಬರೂ ಪಾಲುದಾರರಾಗುವ ಕರಾರು ತಂದಿತು.

ಇನ್ನು ಗಾಯದ ಮಾತು. ತಕರಾರಿನ ಬೇರು ಇರುವುದೇ ಇಲ್ಲಿ. 2004ರಲ್ಲಿ ಬೆಲ್ಜಿಯಂನ ಶಾರ್ಲರ್‌ವಾ ಕ್ಲಬ್ಬಿನ ಅಬ್ದುಲ್‌ಮಜೀದ್ ಊಲ್‌ಮರ್ಸ್ ಎಂಬ ಫುಟ್‌ಬಾಲಿಗ ಮೊರಾಕ್ಕೊ ಪರ ಆಡಲು ಹೋಗಿ ಪೆಟ್ಟು ತಿಂದು ತಿಂಗಳುಗಟ್ಟಲೆ ಕೂತ. ಸಂಬಳ ಕೊಟ್ಟವರು ಕ್ಲಬ್ಬಿನವರು, ಗಾಯ ಆದದ್ದು ದೇಶದ ಪಂದ್ಯದಲ್ಲಿ. ಕ್ಲಬ್ಬು ಫಿಫಾ ವಿರುದ್ಧ ಕೋರ್ಟಿಗೇ ಹೋಯಿತು. ದೊಡ್ಡ ಕ್ಲಬ್ಬುಗಳು ಬೆನ್ನಿಗೆ ನಿಂತವು. 2008ರಲ್ಲಿ ರಾಜಿಯಾಯಿತು. 2012ರಿಂದ ಫಿಫಾ ಒಂದು ವಿಮೆ ನಡೆಸುತ್ತಿದೆ. ನಿಗದಿತ ದಿನಗಳಲ್ಲಿ ದೇಶಕ್ಕೆ ಆಡುವಾಗ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಕೂತರೆ, ಒಂದು ವರ್ಷದ ತನಕ ಕ್ಲಬ್ಬಿಗೆ ಸಂಬಳದ ಹಣ ಸಿಗುತ್ತದೆ, ಹೆಚ್ಚೆಂದರೆ 75 ಲಕ್ಷ ಯೂರೋ. ದುಡ್ಡಿನ ಗಂಟು ಬಿಚ್ಚಿದ ಮೇಲೆ ಅರ್ಧ ಜಗಳ ಇಳಿಯಿತು.

ಪವನ್ ಸೆಹ್ರಾವತ್ ಅವರನ್ನೇ ನೋಡಿ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಫೈನಲ್ಲಿನಲ್ಲಿ ಒಬ್ಬರೇ 22 ಪಾಯಿಂಟು ತಂದವರು. 2022ರಲ್ಲಿ ತಮಿಳ್ ತಲೈವಾಸ್ 2 ಕೋಟಿ 26 ಲಕ್ಷ ಕೊಟ್ಟು ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಗಿ ಇಡೀ ಸೀಜನ್ ಕೂತರು. ಅವರು ಎದ್ದು ಬಂದು ಮರುವರ್ಷ ದೇಶದ ನಾಯಕರಾದರು. ಎಲ್ಲರ ಮೊಣಕಾಲೂ ಹಾಗೆ ಎದ್ದು ಬರುವುದಿಲ್ಲ.

ನಮ್ಮ ಹುಡುಗರಿಗೆ ಮೂರನೇ ಯಜಮಾನನೂ ಒಬ್ಬನಿರುತ್ತಾನೆ. ಆಟದ ಕೋಟಾದಲ್ಲಿ ರೈಲ್ವೆ, ಪೊಲೀಸು, ಮಿಲಿಟರಿ ನೌಕರಿ ಸಿಕ್ಕವರಿಗೆ ಆ ಇಲಾಖೆಯ ತಂಡವೂ ಕರೆಯುತ್ತದೆ. ಲೀಗಿನ ರೊಕ್ಕ ನಾಲ್ಕು ವರ್ಷ ಬರುತ್ತದೆ, ನೌಕರಿ ಅರವತ್ತರ ತನಕ ಅನ್ನ ಹಾಕುತ್ತದೆ. ರಜೆ ಮಂಜೂರಾಗದೆ ಹೋದರೆ ಕೆಟ್ಟವನಾಗುವವನು ಆಟಗಾರ.

ಆದ್ದರಿಂದ ಮಕ್ಕಳನ್ನು ಆಟಕ್ಕೆ ಬಿಟ್ಟ ತಂದೆ-ತಾಯಂದಿರಿಗೆ ಒಂದು ಮಾತು. ಕರಾರು ಪತ್ರ ಬಂದಾಗ ಮೊತ್ತ ನೋಡಿ ರುಜು ಹಾಕಿಸಬೇಡಿ. ಇಂಗ್ಲಿಷಿನಲ್ಲಿದ್ದರೆ ತಿಳಿದವರಿಂದ, ಆದರೆ ವಕೀಲರಿಂದಲೇ, ಕನ್ನಡದಲ್ಲಿ ಓದಿಸಿ ಕೇಳಿ. ರಾಜ್ಯ ಅಥವಾ ದೇಶದ ಶಿಬಿರಕ್ಕೆ ಕರೆ ಬಂದರೆ ಬಿಡುತ್ತಾರೋ ಇಲ್ಲವೋ? ಹೋದ ದಿನಗಳ ಸಂಬಳ ಹಿಡಿಯುತ್ತಾರೋ? ಅಲ್ಲಿ ಕಾಲು ಮುರಿದರೆ ದವಾಖಾನೆ ಬಿಲ್ಲು ಯಾರದು, ಸಂಬಳ ಎಷ್ಟು ತಿಂಗಳು? ವಾಸಿಯಾಯಿತೆಂದು ಹೇಳುವ ಡಾಕ್ಟರು ಯಾರ ಕಡೆಯವರು? ಈ ನಾಲ್ಕಕ್ಕೂ ಉತ್ತರ ಬರಹದಲ್ಲಿರಬೇಕು. "ಆಮ್ಯಾಲ ನೋಡೂಣು ತಗೋರಿ" ಎಂಬ ಬಾಯಿಮಾತು ಗಾಯವಾದ ದಿನ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಮೂರೂ ತಾಲೂಕಿನ ಪಂದ್ಯಾವಳಿ ಕಮಿಟಿಗಳಿಗೂ ಹೇಳುವುದಿದೆ. ಪಾಂಪ್ಲೆಟ್ ಅಚ್ಚು ಹಾಕಿಸುವ ಮೊದಲು ತಾಲೂಕು, ಜಿಲ್ಲಾ ಆಯ್ಕೆಯ ದಿನ ಯಾವುದೆಂದು ಒಂದು ಫೋನ್ ಮಾಡಿ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಕೋಟಿ ಸುರಿಯುವ ಕಬಡ್ಡಿ ಲೀಗಿನವರೇ ತಾರೀಖು ಸರಿಸಿದರು. ನಮ್ಮ ಜಾತ್ರೆಯ ಕಮಿಟಿಗೆ ಒಂದು ದಿನ ಹಿಂದೆ-ಮುಂದೆ ಮಾಡುವುದು ಕಷ್ಟವೇನಲ್ಲ. ಹಾಗೆ ಮಾಡಿದರೆ ಬೆಳಗಾವಿಗೆ ಆಯ್ಕೆಗೆಂದು ಬೆಳಗಿನ ಬಸ್ ಹತ್ತುವ ಹುಡುಗ ಹಿಂದಿನ ರಾತ್ರಿ ಮೂರು ಪಂದ್ಯ ಆಡಿ ಕಾಲು ಎಳೆಯುತ್ತ ಬರುವುದಾದರೂ ತಪ್ಪುತ್ತದೆ.