ಓಟ ನಿಂತರೂ ಖರ್ಚು ನಿಲ್ಲಲಿಲ್ಲ: ಕೊರೊನಾ ಕಾಲದ ಕಂಬಳ

ಕಂಬಳದ ವೇಗದ ಓಟ ಯಾವುದು ಎಂದು ಕೇಳಿದರೆ ನಮ್ಮ ಕ್ಲಾಸಿನ ಹೆಚ್ಚಿನವರು 2020ರ ಐಕಳ ಕಂಬಳದ ಹೆಸರು ಹೇಳುತ್ತಾರೆ. ಮೂಡುಬಿದಿರೆ ಹತ್ತಿರದ ಮಿಜಾರಿನ ಶ್ರೀನಿವಾಸ ಗೌಡರು ಉಸೇನ್ ಬೋಲ್ಟ್‌ಗಿಂತ ವೇಗವಾಗಿ ಓಡಿದರು ಎಂಬ ಸುದ್ದಿ ದೇಶವಿಡೀ ಹರಡಿದ್ದು ಆಗ. ಆದರೆ ಅದಕ್ಕಿಂತಲೂ ಕಡಿಮೆ ಸಮಯ ದಾಖಲಾದದ್ದು ಮರುವರ್ಷ, 2021ರ ಮಾರ್ಚ್ ತಿಂಗಳಲ್ಲಿ. ಅದು ಕೊರೊನಾದಿಂದಾಗಿ ಎರಡೇ ತಿಂಗಳಿಗೆ ಇಳಿದ ಸೀಸನ್. ಸಮಯದ ಪಟ್ಟಿ ಮಾತ್ರ ನೋಡಿದವರಿಗೆ ಅದು ಬಹಳ ಒಳ್ಳೆಯ ವರ್ಷ ಎಂದು ಕಾಣುತ್ತದೆ. ಕೋಣ ಸಾಕುವವರ ಮತ್ತು ಕಂಬಳದಲ್ಲಿ ಅಂಗಡಿ ಇಡುವವರ ಲೆಕ್ಕದ ಪುಸ್ತಕ ನೋಡಿದರೆ ಹಾಗೆ ಕಾಣುವುದಿಲ್ಲ. ಈ ಎರಡು ಲೆಕ್ಕ ಯಾಕೆ ಬೇರೆ ಬೇರೆ ಎಂಬುದನ್ನು ನಾವು ಓದುವ ವಾಣಿಜ್ಯ ಮತ್ತು ಅರ್ಥಶಾಸ್ತ್ರದ ಪಾಠದಿಂದಲೇ ವಿವರಿಸಲು ಪ್ರಯತ್ನಿಸುತ್ತೇನೆ.

ಕಂಬಳದ ಕ್ಯಾಲೆಂಡರ್

ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ, ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಕಂಬಳ ಶುರುವಾಗುತ್ತದೆ. ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ದೊಡ್ಡ ಕಂಬಳಗಳು ಶನಿವಾರ ಬೆಳಿಗ್ಗೆ ಆರಂಭವಾಗಿ, ಇಡೀ ರಾತ್ರಿ ದೀಪದ ಬೆಳಕಿನಲ್ಲಿ ನಡೆದು, ಭಾನುವಾರ ಮುಗಿಯುತ್ತವೆ. ಒಂದು ವಾರ ಒಂದು ಊರು, ಮುಂದಿನ ವಾರ ಇನ್ನೊಂದು ಊರು. ಕೋಣಗಳೂ ಓಟಗಾರರೂ ಅಂಗಡಿಯವರೂ ಊರಿಂದ ಊರಿಗೆ ಹೋಗುತ್ತಾರೆ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಕಂಬಳ, ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದಲ್ಲಿ ಸೂರ್ಯ-ಚಂದ್ರ ಕಂಬಳ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ ಕಂಬಳ ನಮಗೆ ಗೊತ್ತಿರುವ ಹೆಸರುಗಳು. ಎರಡು ಓಟದ ಕರೆಗಳು ಪಕ್ಕಪಕ್ಕದಲ್ಲಿ ಇರುವುದರಿಂದ ಇವುಗಳಿಗೆ ಜೋಡುಕರೆ ಕಂಬಳ ಎನ್ನುತ್ತಾರೆ.

ನನ್ನ ಮನೆಯ ಮಾತು ಉರ್ದು. ಕಂಬಳದ ಶಬ್ದಗಳು ಹೆಚ್ಚಾಗಿ ತುಳುವಿನವು. ನನ್ನಂತೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಓಟ ಹೊರಡುವ ಜಾಗ ಗಂತು, ಮುಟ್ಟುವ ಜಾಗ ಮಂಜೊಟ್ಟಿ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಎಂದು ಕೋಣಗಳನ್ನು ಮತ್ತೆ ಬೇರೆ ಮಾಡುತ್ತಾರೆ. ಕನೆಹಲಗೆಯಲ್ಲಿ ಮಾತ್ರ ವೇಗ ಮುಖ್ಯವಲ್ಲ, ನೀರು ಎಷ್ಟು ಎತ್ತರದ ನಿಶಾನೆಗೆ ಚಿಮ್ಮಿತು ಎಂಬುದು ಮುಖ್ಯ.

ಏನಾಯಿತು?

2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಎರಡು ವಾರದಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಹೊರಗಿನವರು ಕಂಬಳ ಎಂದರೇನು ಎಂದು ಹುಡುಕಲು ಶುರು ಮಾಡಿದ್ದ ಸಮಯ ಅದು. ಒಂದೇ ತಿಂಗಳಲ್ಲಿ ಎಲ್ಲ ಬದಲಾಯಿತು. ಮಾರ್ಚ್ 14ರಿಂದ ಕರ್ನಾಟಕದಲ್ಲಿ ಜಾತ್ರೆ, ಸಮಾರಂಭ, ಜನ ಸೇರುವ ಕಾರ್ಯಕ್ರಮಗಳಿಗೆ ತಡೆ ಬಂತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು.

ಮುಂದಿನ ಸೀಸನ್ 2020ರ ನವೆಂಬರ್‌ನಲ್ಲಿ ಆರಂಭವಾಗಬೇಕಿತ್ತು. ಆಗಲಿಲ್ಲ. ನವೆಂಬರ್, ಡಿಸೆಂಬರ್ ಹೋಯಿತು, ಜನವರಿಯೂ ಬಹುತೇಕ ಹೋಯಿತು. 2021ರ ಜನವರಿ ಕೊನೆಗೆ ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ಕೋಣಗಳು ಕರೆಗೆ ಇಳಿದವು. ಮಾರ್ಚ್‌ನಲ್ಲಿ ವೇಣೂರು-ಪೆರ್ಮುಡದಲ್ಲಿ ಶ್ರೀನಿವಾಸ ಗೌಡರ ಓಟ 100 ಮೀಟರ್ ಲೆಕ್ಕದಲ್ಲಿ 8.96 ಸೆಕೆಂಡ್ ಆಯಿತು. ಅದೇ ತಿಂಗಳ ಕೊನೆಗೆ ಕಕ್ಯಪದವಿನಲ್ಲಿ 8.78 ಸೆಕೆಂಡ್ ಆಯಿತು. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ ಬಂದು, 27ರಿಂದ ರಾಜ್ಯ ಮತ್ತೆ ಮುಚ್ಚಿತು. ಎರಡು ಅಲೆಗಳ ನಡುವೆ ಸಿಕ್ಕಿದ ಸಂದಿಯಲ್ಲಿ ಇಡೀ ಸೀಸನ್ ನಡೆದುಹೋಯಿತು.

2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಸರಕಾರ ರಾತ್ರಿ ಕರ್ಫ್ಯೂ ಮತ್ತು ವಾರಾಂತ್ಯ ಕರ್ಫ್ಯೂ ಹಾಕಿತು. ವಾರಾಂತ್ಯ ಕರ್ಫ್ಯೂ ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಿಗ್ಗೆ 5ರವರೆಗೆ. ಶನಿವಾರ ರಾತ್ರಿಯಿಡೀ ನಡೆಯುವ ಆಟಕ್ಕೆ ಇದಕ್ಕಿಂತ ಸರಿಯಾಗಿ ಅಡ್ಡ ಬರುವ ನಿಯಮ ಇನ್ನೊಂದಿಲ್ಲ.

ಮುಂದೆ ಹಾಕಿದರೆ ಆಗುವುದಿಲ್ಲವೇ?

ಯುರೋಪಿನಲ್ಲಿ ರ‍್ಯಾಲಿಕ್ರಾಸ್ ಎಂಬ ಕಾರ್ ರೇಸ್ ಇದೆ. ಸ್ವಲ್ಪ ಡಾಂಬರು, ಸ್ವಲ್ಪ ಮಣ್ಣು ಇರುವ ಸಣ್ಣ ಟ್ರ್ಯಾಕಿನಲ್ಲಿ ಕಾರುಗಳು ಓಡುತ್ತವೆ. ಅದೂ ಕಂಬಳದ ಹಾಗೆ ಊರಿಂದ ಊರಿಗೆ ಹೋಗುವ ಸೀಸನ್. 2020ರ ವಿಶ್ವ ಚಾಂಪಿಯನ್‌ಶಿಪ್ ಏಪ್ರಿಲ್‌ನಲ್ಲಿ ಬಾರ್ಸಿಲೋನಾದಲ್ಲಿ ಶುರುವಾಗಬೇಕಿತ್ತು. ಕೊರೊನಾದಿಂದ ಆಗಸ್ಟ್‌ನಲ್ಲಿ ಸ್ವೀಡನ್ನಿನಲ್ಲಿ ಶುರುವಾಯಿತು. ಹಲವು ರೇಸ್ ರದ್ದಾದವು, ಆದರೂ ಸೀಸನ್ ಮುಗಿದು ಸ್ವೀಡನ್ನಿನ ಯೋಹಾನ್ ಕ್ರಿಸ್ಟೋಫರ್ಸನ್ ಚಾಂಪಿಯನ್ ಆದರು.

ಅವರು ನಾಲ್ಕು ತಿಂಗಳು ಮುಂದೆ ಹಾಕಿದರು. ಕಂಬಳಕ್ಕೆ ಆ ಅವಕಾಶ ಇಲ್ಲ. ಮಾರ್ಚ್ ದಾಟಿದರೆ ಬಿಸಿಲು ಏರುತ್ತದೆ, ಕೋಣ ತಡೆಯುವುದಿಲ್ಲ. ಜೂನ್‌ನಲ್ಲಿ ಮಳೆ. ಹಾಗಾಗಿ ಇಲ್ಲಿ ತಪ್ಪಿಹೋದ ವಾರ ಮುಂದೆ ಹೋಗುವುದಿಲ್ಲ, ಇಲ್ಲವಾಗುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಶೆಡ್ಡಿನಲ್ಲಿ ನಿಂತ ಕಾರಿಗೆ ಪೆಟ್ರೋಲ್ ಬೇಡ. ಹಟ್ಟಿಯಲ್ಲಿ ನಿಂತ ಕೋಣಕ್ಕೆ ದಿನಾ ಹುರುಳಿ ಬೇಕು.

ಸ್ಥಿರ ವೆಚ್ಚ ಎಂದರೆ ಇದೇ

ಅರ್ಥಶಾಸ್ತ್ರದಲ್ಲಿ ನಾವು ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಓದುತ್ತೇವೆ. ಉತ್ಪಾದನೆ ಸೊನ್ನೆ ಆದರೂ ಕೊಡಲೇಬೇಕಾದದ್ದು ಸ್ಥಿರ ವೆಚ್ಚ. ಪಠ್ಯದಲ್ಲಿ ಉದಾಹರಣೆಗೆ ಕಟ್ಟಡದ ಬಾಡಿಗೆ ಇರುತ್ತದೆ. ನಮ್ಮ ಊರಿನ ಉದಾಹರಣೆ ಕಂಬಳದ ಕೋಣ. ಬೇಯಿಸಿದ ಹುರುಳಿ, ಹುಲ್ಲು, ಮೈಗೆ ಎಣ್ಣೆ, ಈಜಿಸಲು ನೀರು, ನೋಡಿಕೊಳ್ಳುವ ಆಳಿನ ಸಂಬಳ, ಪಶುವೈದ್ಯರ ಖರ್ಚು, ಇವೆಲ್ಲ ಕಂಬಳ ಇದ್ದರೂ ಇರುತ್ತವೆ, ಇಲ್ಲದಿದ್ದರೂ ಇರುತ್ತವೆ. ಸೀಸನ್‌ಗೆ ಮೊದಲು ಕುದಿ ಎಂದು ಕರೆಯುವ ಅಭ್ಯಾಸದ ಓಟವನ್ನೂ ಮಾಡಿಸಬೇಕು. ಉಳಿಯುವುದು ಲಾರಿ ಬಾಡಿಗೆ ಮತ್ತು ಕಂಬಳದ ದಿನದ ಖರ್ಚು. ಇವು ಬದಲಾಗುವ ವೆಚ್ಚ. ಕಂಬಳ ನಿಂತಾಗ ಉಳಿತಾಯವಾದದ್ದು ಇವು ಮಾತ್ರ. ಗೆದ್ದರೆ ಸಿಗುವ ಪವನ್ ಚಿನ್ನದಿಂದ ಈ ಖರ್ಚು ಹುಟ್ಟುವುದಿಲ್ಲ ಎಂದು ಕೋಣದ ಯಜಮಾನರೇ ಹೇಳುತ್ತಾರೆ. ಅವರು ಸಾಕುವುದು ಮನೆತನದ ಗೌರವಕ್ಕೆ ಮತ್ತು ಪ್ರೀತಿಗೆ. ಆದರೂ ಹಣ ಎಲ್ಲಿಂದಾದರೂ ಬರಬೇಕಲ್ಲ.

ಓಟಗಾರರ ಲೆಕ್ಕ ಬೇರೆ. ಅವರಲ್ಲಿ ಹಲವರು ಬೇರೆ ಕೆಲಸ ಮಾಡುವವರು. ಶ್ರೀನಿವಾಸ ಗೌಡರೂ ಕಟ್ಟಡ ಕೆಲಸ ಮಾಡುತ್ತಿದ್ದವರು. ಕೋಣ ಹಟ್ಟಿಯಲ್ಲಿ ನಿಂತಾಗ ಓಟಗಾರರಿಗೆ ಕಂಬಳದ ಆದಾಯ ಇಲ್ಲ, ಲಾಕ್‌ಡೌನ್‌ನಲ್ಲಿ ಕೂಲಿಯೂ ಇಲ್ಲ.

ಮೂರನೆಯ ಲೆಕ್ಕ ನಾನು ಹತ್ತಿರದಿಂದ ಕಂಡದ್ದು. ನನ್ನ ಚಾಚಾ ಕಂಬಳ, ಉರೂಸ್, ಜಾತ್ರೆಗಳಲ್ಲಿ ಕಬ್ಬಿನ ಹಾಲಿನ ಅಂಗಡಿ ಇಡುತ್ತಾರೆ. ಯಂತ್ರವನ್ನು ಒಂದು ಬ್ಯಾಂಕಿನ ಸಾಲದಿಂದ ತೆಗೆದುಕೊಂಡಿದ್ದರು. 2020ರ ಮಾರ್ಚ್‌ನಿಂದ ಆಗಸ್ಟ್ 31ರವರೆಗೆ ಸಾಲದ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಆದರೆ ಆ ತಿಂಗಳುಗಳ ಬಡ್ಡಿ ಮನ್ನಾ ಆಗಲಿಲ್ಲ, ಸಾಲಕ್ಕೆ ಸೇರಿತು. ಸೆಪ್ಟೆಂಬರ್‌ನಲ್ಲಿ ಕಂತು ಮತ್ತೆ ಶುರು. ನವೆಂಬರ್‌ನಲ್ಲಿ ಕಂಬಳ ಶುರುವಾಗಿದ್ದರೆ ಹೇಗೋ ಸರಿಹೋಗುತ್ತಿತ್ತು. ಆಗದ ಕಾರಣ ಚಾಚಿಯ ಬಳೆ ಅಡವು ಇಡಬೇಕಾಯಿತು. ಸಾಮಾನ್ಯ ವರ್ಷ 12 ಕಂಬಳಕ್ಕಾದರೂ ಹೋಗುವ ಚಾಚಾ ಆ ಸೀಸನ್ನಿನಲ್ಲಿ ಹೋದದ್ದು 4ಕ್ಕೆ. ಅಲ್ಲಿಯೂ ಜನ ಮಾಸ್ಕ್ ಹಾಕಿಕೊಂಡು ದೂರ ನಿಂತಿದ್ದರು. ಮಾಸ್ಕ್ ತೆಗೆದು ಒಂದು ಗ್ಲಾಸ್ ಕುಡಿಯಲು ಹೆದರುತ್ತಿದ್ದರು ಎಂದು ಚಾಚಾ ಈಗಲೂ ಹೇಳುತ್ತಾರೆ. ಚರುಮುರಿ, ಐಸ್‌ಕ್ರೀಮ್, ಆಟಿಕೆ, ಬಳೆ ಮಾರುವ ಎಲ್ಲರದೂ ಇದೇ ಕಥೆ. ಇವರಲ್ಲಿ ಯಾರ ಹೆಸರೂ ಕಂಬಳದ ಫಲಿತಾಂಶದಲ್ಲಿ ಬರುವುದಿಲ್ಲ.

ಆ ಸಮಯಗಳನ್ನು ಹೇಗೆ ಓದಬೇಕು?

8.78 ಎಂಬ ಸಂಖ್ಯೆಯನ್ನೂ ಸರಿಯಾಗಿ ಓದಬೇಕು. ಕಂಬಳದ ಕರೆ 100 ಮೀಟರಿಗಿಂತ ಉದ್ದ. ಪೂರ್ತಿ ಸಮಯವನ್ನು ದೂರದಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 13.62 ÷ 142.5 × 100 = 9.56 ಆಗುತ್ತದೆ. ಪತ್ರಿಕೆಗಳು ಕೊನೆಯ ಅಂಕಿಯನ್ನು ಬಿಟ್ಟು 9.55 ಎಂದು ಬರೆದವು. ಇದು ಸರಾಸರಿ. ಓಟದ ನಿಧಾನ ಭಾಗ ಆರಂಭದಲ್ಲಿ ಇರುತ್ತದೆ. ದೂರ ಹೆಚ್ಚಿದಂತೆ ಆ ನಿಧಾನ ಹಂಚಿಹೋಗುತ್ತದೆ. ಬೋಲ್ಟ್ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದಾಗ ಕೊನೆಯ 100 ಮೀಟರಿಗೆ ತೆಗೆದುಕೊಂಡದ್ದು 8.70 ಸೆಕೆಂಡ್. ಜೊತೆಗೆ ಕಂಬಳದಲ್ಲಿ ಕೋಣಗಳ ಎಳೆತವೂ ಇದೆ, ಕೆಸರಿನ ತಡೆಯೂ ಇದೆ. ಆದ್ದರಿಂದ ಬೋಲ್ಟ್ ಜೊತೆ ಹೋಲಿಸುವುದಕ್ಕಿಂತ ಒಂದು ಕಂಬಳವನ್ನು ಇನ್ನೊಂದು ಕಂಬಳದ ಜೊತೆ ಹೋಲಿಸುವುದು ಸರಿ. ಶ್ರೀನಿವಾಸ ಗೌಡರೇ ಆಗ ಟ್ರ್ಯಾಕಿನ ಟ್ರಯಲ್ಸ್‌ಗೆ ಹೋಗಲು ಒಪ್ಪಲಿಲ್ಲ, ಎರಡೂ ಬೇರೆ ಎಂದರು.

ನಿಲುಗಡೆ ಹೊಸದಲ್ಲ, ಕಾರಣ ಹೊಸದು

ಕಂಬಳ ನಿಂತದ್ದು ಕೊರೊನಾದಲ್ಲಿ ಮೊದಲ ಬಾರಿ ಅಲ್ಲ. 2016ರ ನವೆಂಬರ್‌ನಲ್ಲಿ ಹೈಕೋರ್ಟಿನ ಮಧ್ಯಂತರ ಆದೇಶದಿಂದ ನಿಂತಿತ್ತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಕೋಣಗಳ ಸಮೇತ ದೊಡ್ಡ ಪ್ರತಿಭಟನೆ ನಡೆಯಿತು. ಆಮೇಲೆ ರಾಜ್ಯ ಕಾನೂನು ತಿದ್ದುಪಡಿ ಮಾಡಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆಗ ಮನವಿ ಕೊಡಲು ಸರಕಾರ ಇತ್ತು, ವಾದಿಸಲು ಕೋರ್ಟು ಇತ್ತು. ರೋಗದ ಎದುರು ಯಾರೂ ಮೆರವಣಿಗೆ ಮಾಡಲು ಆಗುವುದಿಲ್ಲ. ಕಾಯಬೇಕು, ಕಾಯುವಾಗ ಕೋಣಕ್ಕೂ ಮನೆಗೂ ಊಟ ಹಾಕಬೇಕು.

ಸೀಸನ್ ನಂಬಿದ ವ್ಯಾಪಾರಕ್ಕೆ ಮೀಸಲು ನಿಧಿ ಬೇಕು ಎಂದು ನಮ್ಮ ಅಕೌಂಟೆನ್ಸಿ ಪಾಠ ಹೇಳುತ್ತದೆ. ಚಾಚಾ ಈಗ ಪ್ರತಿ ಕಂಬಳದ ಆದಾಯದಲ್ಲಿ ಸ್ವಲ್ಪ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕುತ್ತಾರೆ. ಅವರು ಮೀಸಲು ನಿಧಿ ಎಂಬ ಶಬ್ದ ಕೇಳಿದವರಲ್ಲ. ಚಾಚಿಯ ಬಳೆ 2023ರ ಸೀಸನ್ ಮುಗಿದ ಮೇಲೆ ಮನೆಗೆ ಬಂತು.