ಸಾಲುಮರದ ತಿಮ್ಮಕ್ಕನವರು

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಎರಡು ಪಕ್ಕಗಳಲ್ಲಿಯೂ ಆಲದ ಮರಗಳು ಕೊಂಬೆಗೆ ಕೊಂಬೆ ಸೇರಿಸಿ ನಿಂತಿರುವುದನ್ನು ಆ ಕಡೆ ಪ್ರಯಾಣ ಮಾಡಿದವರು ಬಲ್ಲರು. ಸುಮಾರು 4 ಕಿಲೋಮೀಟರ್ ದೂರದ ಈ ಸಾಲಿನಲ್ಲಿ 385 ಮರಗಳುಂಟೆಂದು ಪ್ರತೀತಿ. ಇವು ಯಾವ ಇಲಾಖೆಯ ಖರ್ಚಿನಿಂದಲೂ ಬೆಳೆದವಲ್ಲ. ಕೂಲಿಯಿಂದ ಜೀವಿಸುತ್ತಿದ್ದ ಒಬ್ಬ ಹೆಂಗಸೂ ಆಕೆಯ ಗಂಡನೂ ಬೆಳೆಸಿದವು. ಆ ತಿಮ್ಮಕ್ಕನವರು 2025ನೆಯ ಇಸವಿ ನವೆಂಬರ್ 14ರಂದು ಬೆಂಗಳೂರಿನಲ್ಲಿ ಕಾಲವಾದರು. ಮನೆಯವರ ಲೆಕ್ಕದಂತೆ ಆಗ ಆಕೆಗೆ 114 ವರ್ಷ ವಯಸ್ಸು.

ಗುಬ್ಬಿ ತಾಲ್ಲೂಕು ಆಕೆಯ ತೌರು. ಓದುಬರಹಕ್ಕೆ ಅವಕಾಶವಾಗಲಿಲ್ಲ, ಕಲ್ಲುಗಣಿಯ ಕೂಲಿಯೇ ಗತಿಯಾಯಿತು. ಹುಲಿಕಲ್ಲಿನ ಚಿಕ್ಕಯ್ಯನವರ ಕೈಹಿಡಿದು ಬಹುಕಾಲ ಕಳೆದರೂ ಸಂತಾನವಾಗಲಿಲ್ಲ. ಮಕ್ಕಳಿಲ್ಲದ ಹೆಂಗಸು ಎಂತೆಂತಹ ಮಾತುಗಳನ್ನು ಕೇಳಬೇಕಾಗುವುದೆಂಬುದನ್ನು ಗ್ರಾಮದ ಹಿರಿಯರಿಗೆ ವಿವರಿಸಬೇಕಾದುದಿಲ್ಲ. ಈ ದಂಪತಿಗಳು ಗಿಡಗಳನ್ನೇ ಮಕ್ಕಳೆಂದು ಭಾವಿಸಿ ಸಾಕಲು ತೊಡಗಿದರು.

ಅವರು ಅನುಸರಿಸಿದ ಕ್ರಮವು ಗಮನಿಸತಕ್ಕದ್ದಾಗಿದೆ. ಊರಿನ ಸುತ್ತಮುತ್ತ ಹೇರಳವಾಗಿದ್ದ ಆಲದ ಮರಗಳಿಂದಲೇ ಸಸಿಗಳನ್ನು ಮಾಡಿಕೊಂಡರು. ಮೊದಲನೆಯ ವರ್ಷ ನೆಟ್ಟವು 10. ಎರಡನೆಯ ವರ್ಷ 15. ಮೂರನೆಯ ವರ್ಷ 20. ತಮ್ಮ ಕೈಯಿಂದ ಸಾಕುವುದಕ್ಕೆ ಆಗುವಷ್ಟನ್ನೇ ನೆಟ್ಟರೆಂಬುದು ಈ ಲೆಕ್ಕದಿಂದ ತಿಳಿದುಬರುತ್ತದೆ. ನಾಟಿಯು ಮಳೆಗಾಲದಲ್ಲಿಯೇ ನಡೆಯುತ್ತಿತ್ತು. ಬೇಸಿಗೆಯ ಬಿಸಿಲು ತಾಗುವುದಕ್ಕೆ ಮುಂಚೆ ಬೇರು ಇಳಿಯಲಿ ಎಂಬುದೇ ಇದರ ಯುಕ್ತಿ. ಮಳೆ ನಿಂತ ಮೇಲೆ ಕೊಡಗಳಲ್ಲಿ ನೀರು ಹೊತ್ತು, ಕಿಲೋಮೀಟರುಗಟ್ಟಲೆ ನಡೆದು, ಪ್ರತಿಯೊಂದು ಬುಡಕ್ಕೂ ಹೊಯ್ಯುತ್ತಿದ್ದರು. ಆಲದ ಚಿಗುರನ್ನು ಕಂಡರೆ ಆಡುಕುರಿಗಳು ಬಿಡುವುವೆ? ಆದಕಾರಣ ಒಂದೊಂದು ಸಸಿಗೂ ಮುಳ್ಳಿನ ಬೇಲಿ ಕಟ್ಟಿದರು. ಗಿಡ ನೆಡುವ ದಿವಸ ಗುಂಪು ಕೂಡುವವರು ಬಹಳ. ಚೈತ್ರ ವೈಶಾಖಗಳಲ್ಲಿ ಕೊಡ ಹೊರುವವರು ಎಲ್ಲೋ ಒಬ್ಬಿಬ್ಬರು. ಹುಲಿಕಲ್ಲಿನಲ್ಲಿ ಆ ಒಬ್ಬಿಬ್ಬರು ವರ್ಷ ವರ್ಷವೂ ಇದ್ದರು.

1991ರಲ್ಲಿ ಚಿಕ್ಕಯ್ಯನವರು ತೀರಿಹೋದರು. ನೀರು ಹೊತ್ತ ಶ್ರಮದಲ್ಲಿ ಸಮಭಾಗಿಯಾಗಿದ್ದ ಆತನಿಗೆ, ತರುವಾಯ ಬಂದ ಕೀರ್ತಿಯಲ್ಲಿ ಭಾಗ ದೊರೆಯಲಿಲ್ಲವೆಂಬುದು ವ್ಯಸನಕರ. ತಿಮ್ಮಕ್ಕನವರು ಮುಂದೆ ಉಮೇಶ್ ಎಂಬುವರನ್ನು ದತ್ತುಪುತ್ರರನ್ನಾಗಿ ಸ್ವೀಕರಿಸಿದರು. ಅವರೂ ಸಸಿ ಬೆಳೆಸುವ ಕೆಲಸವನ್ನೇ ಕೈಗೊಂಡರು. 1995ರಲ್ಲಿ ರಾಷ್ಟ್ರೀಯ ಪೌರ ಪ್ರಶಸ್ತಿಯೂ 2019ರಲ್ಲಿ ಪದ್ಮಶ್ರೀಯೂ ಆಕೆಗೆ ಬಂದುವು. ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಈ ವೃದ್ಧೆಯು ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅಂತಹ ಸಭೆಯಲ್ಲಿಯೂ ಆಕೆಗೆ ತೋಚಿದುದು ಮನೆಯ ಹಿರಿಯಳ ನಡತೆಯೇ.

ಅದೇ ವರ್ಷ ಬಾಗೇಪಲ್ಲಿ-ಹಲಗೂರು ರಸ್ತೆಯನ್ನು ಅಗಲಮಾಡುವ ಕೆಲಸಕ್ಕಾಗಿ ಈ ಸಾಲಿಗೆ ಕೊಡಲಿ ಬೀಳುವ ಭಯ ಉಂಟಾಯಿತು. ಪ್ರಶಸ್ತಿಗಳಿಗಾಗಿ ಯಾರನ್ನೂ ಕೇಳದಿದ್ದ ಆಕೆ ಮರಗಳಿಗಾಗಿ ಮುಖ್ಯಮಂತ್ರಿಗಳಾಗಿದ್ದ ಎಚ್. ಡಿ. ಕುಮಾರಸ್ವಾಮಿಯವರಲ್ಲಿ ಮೊರೆಯಿಟ್ಟರು. ಮರಗಳನ್ನು ಉಳಿಸುವಂತಹ ಬೇರೆ ಮಾರ್ಗವನ್ನು ಹುಡುಕುವುದಾಗಿ ಸರ್ಕಾರದವರು ತಿಳಿಸಿದರು.