ವಿದ್ಯುತ್ ಬಿಲ್ಲಿನಲ್ಲಿ ನಾವು ಕೊಳ್ಳುವುದೇನನ್ನು?

ಲೆಕ್ಕ ಪರಿಶೋಧನೆಯ ವೇಳೆ ಕಾರ್ಖಾನೆಯ ಮಾಲೀಕರು ಕೇಳುವ ಪ್ರಶ್ನೆಯೊಂದುಂಟು: “ಯೂನಿಟ್ ಹೆಚ್ಚಿಲ್ಲ, ಬಿಲ್ಲು ಏಕೆ ಏರಿತು?” ಉತ್ತರವನ್ನು ವಿದ್ಯುದಾವೇಶದಿಂದಲೇ ಆರಂಭಿಸಬೇಕು.

ತಂತಿಯಲ್ಲಿ ಚಲಿಸುವುದು ಎಲೆಕ್ಟ್ರಾನುಗಳ ಋಣ ಆವೇಶ. ಸೆಕೆಂಡಿಗೆ ಒಂದು ಕೂಲಂಬ್ ಆವೇಶ ಹಾದುಹೋದರೆ ಅದೇ ಒಂದು ಆಂಪಿಯರ್. ಆದರೆ ಆವೇಶವು ನಮ್ಮಲ್ಲಿ ಖರ್ಚಾಗುವುದಿಲ್ಲ, ಎ.ಸಿ. ಪೂರೈಕೆಯಲ್ಲಿ ಅದು ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ ತೂಗಾಡುತ್ತದೆ, ಅಷ್ಟೆ. ನಾವು ಕೊಳ್ಳುವುದು ಶಕ್ತಿಯನ್ನು. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್.

ಮೋಟಾರುಗಳು ತಮ್ಮ ಕಾಂತಕ್ಷೇತ್ರಕ್ಕಾಗಿ ಸ್ವಲ್ಪ ಶಕ್ತಿಯನ್ನು ಕೈಗಡದಂತೆ ಪಡೆದು ಮರುಕ್ಷಣವೇ ಹಿಂದಿರುಗಿಸುತ್ತವೆ. ಯೂನಿಟ್ಟಿನ ಲೆಕ್ಕಕ್ಕೆ ಇದು ಬಾರದು. ಆದರೆ ಅದಕ್ಕೆ ಬೇಕಾದ ಹೆಚ್ಚುವರಿ ಆಂಪಿಯರುಗಳನ್ನು ತಂತಿ ಹೊರಲೇಬೇಕು. 70 ಕಿಲೋವ್ಯಾಟ್ ಹೊರೆಗೆ ಪವರ್ ಫ್ಯಾಕ್ಟರ್ 0.70 ಇದ್ದರೆ ಬೇಡಿಕೆ 100 ಕೆ.ವಿ.ಎ.; 0.95 ಇದ್ದರೆ ಸುಮಾರು 74. ನಮ್ಮ ರಾಜ್ಯದ ಹೈಟೆನ್ಷನ್ ಗ್ರಾಹಕರಿಗೆ ಡಿಮ್ಯಾಂಡ್ ಶುಲ್ಕ ಬೀಳುವುದು ಕೆ.ವಿ.ಎ. ಮೇಲೆ. ಕೈಗಡಕ್ಕೆ ಬಡ್ಡಿ ತೆರುವುದು ಇಲ್ಲಿಯೇ!

ಮೋಟಾರಿನ ಬಳಿ ಸೂಕ್ತ ಸಾಮರ್ಥ್ಯದ ಕೆಪಾಸಿಟರ್ ಅಳವಡಿಸಿದರೆ ಆ ಕೈಗಡ ಕಾರ್ಖಾನೆಯೊಳಗೇ ಚುಕ್ತಾ ಆಗುತ್ತದೆ. ಆದರೆ ಅಳವಡಿಸಿ ಮರೆಯಬಾರದು. ನಾನು ಕಂಡ ಒಂದು ಪ್ರಕರಣದಲ್ಲಿ ಕೆಪಾಸಿಟರ್ ಇತ್ತು. ಅದರ ಫ್ಯೂಸ್ ಹೋಗಿ ಎಷ್ಟು ತಿಂಗಳಾಗಿತ್ತೆಂಬುದು ಯಾರಿಗೂ ತಿಳಿದಿರಲಿಲ್ಲ.